ಉಡದ ಪಟ್ಟು, ಅಣಬೆಯ ಬೇರು

ಹುತ್ತ ಅಂದ ಕೂಡಲೇ ನಮಗೆ ನಾಗಪ್ಪ ನೆನಪಾಗುತ್ತಾನೆ, ಹಾಲೆರೆದು ಕೈಮುಗಿಯುತ್ತೇವೆ. ಆದರೆ ಗಡಹಿಂಗ್ಲಜ ಸೀಮೆಯಲ್ಲಿ ಮಳೆ ಹಿಡಿಯಿತೆಂದರೆ ಹುತ್ತಕ್ಕೆ ಹಕ್ಕುದಾರರು ಇನ್ನಿಬ್ಬರು: ಅಣಬೆ ಮತ್ತು ಉಡ. ಒಂದು ಅಲ್ಲಿ ಕೊಡೆ ಬಿಚ್ಚುತ್ತದೆ, ಇನ್ನೊಂದು ಗೆದ್ದಲು ಮೆದ್ದು, ಕೆಲವೊಮ್ಮೆ ಮೊಟ್ಟೆಯನ್ನೂ ಅಲ್ಲೇ ಹುಗಿದು ಹೋಗುತ್ತದೆ.

ಇಬ್ಬರಲ್ಲಿ ಯಾರು ಗಟ್ಟಿ? ನಮ್ಮ ಮಾತಿನಲ್ಲಿ ತೀರ್ಪು ಎಂದೋ ಆಗಿದೆ. ಹಿಡಿದದ್ದು ಬಿಡದವನದು ಉಡದ ಪಟ್ಟು. ಚುನಾವಣೆ ಬಂದಾಗ ಏಳುವ ಸಂಘಗಳೆಲ್ಲ ನಾಯಿಕೊಡೆ.

ಉಡದ ಬೆನ್ನಿಗೆ ಇತಿಹಾಸವೂ ನಿಂತಿದೆ. ಬಹಮನಿಗಳ ಕಾಲದಲ್ಲಿ ಉಡಕ್ಕೆ ಹಗ್ಗ ಕಟ್ಟಿ ಖೇಳಣಾ ಕೋಟೆ, ಅಂದರೆ ಕೊಲ್ಹಾಪುರ ಜಿಲ್ಲೆಯ ಈಗಿನ ವಿಶಾಳಗಡ, ಹತ್ತಿದ್ದಕ್ಕೆ ಮುಧೋಳದ ಮನೆತನಕ್ಕೆ ಘೋರ್ಪಡೆ (ಮರಾಠಿಯಲ್ಲಿ ಘೋರ್ಪಡ್ ಅಂದರೆ ಉಡ) ಎಂಬ ಬಿರುದು ಬಂತೆಂದು ಐತಿಹ್ಯ. ಇಚಲಕರಂಜಿ ಜಹಗೀರಿನ ಮೂಲಪುರುಷ ನಾರೋ ಮಹಾದೇವ ಜೋಶಿ, ತನ್ನ ಧಣಿ ಕಾಪಶಿಯ ಸಂತಾಜಿ ಘೋರ್ಪಡೆಯ ಮೇಲಿನ ನಿಷ್ಠೆಗೆ ತಾನೂ ಘೋರ್ಪಡೆಯೇ ಆದ. ಉಡ ಕೋಟೆ ಹತ್ತಿತೋ ಇಲ್ಲವೋ, ಜೋಶಿಯವರ ಮನೆಯನ್ನಂತೂ ಹತ್ತಿತು!

ಐದಾರು ಕಿಲೋದ ಪ್ರಾಣಿ ಕತ್ತಿ-ಗುರಾಣಿ ಸಮೇತ ಸಿಪಾಯಿಯನ್ನು ಹೊತ್ತೀತೆಂದು ನನಗೆ ನಂಬಿಕೆಯಿಲ್ಲ. ಅದರ ಅಸಲಿ ಪಟ್ಟು ಇರುವುದು ಕಲ್ಲಿನ ಸಂದಿಯಲ್ಲಿ. ಒಳಹೊಕ್ಕು ಮೈ ಉಬ್ಬಿಸಿಕೊಂಡು ಕೂತರೆ ಬಾಲ ಹಿಡಿದು ಜಗ್ಗಿದರೂ ಬರುವ ಪೈಕಿ ಅಲ್ಲ.

ಅಣಬೆಯ ಕತೆ ಬೇರೆ. ನೆತ್ತಿಯಲ್ಲಿ ಮೊನೆಯಿರುವ ಆ ಕೊಡೆಯ ಬುಡವನ್ನು ಮೆಲ್ಲಗೆ ಕೆದಕುತ್ತ ಹೋಗಿ. ಬೇರಿನಂಥ ಬಾಲವೊಂದು ಸಣ್ಣಗಾಗುತ್ತ, ಮಣ್ಣೊಳಗೆ ಇಳಿಯುತ್ತಲೇ ಇರುತ್ತದೆ. ಅದು ಮುಟ್ಟುವುದು ಗೆದ್ದಲಿನ ಹೊಲಕ್ಕೆ. ಗೆದ್ದಲುಗಳು ಹುಲ್ಲು-ಕಟ್ಟಿಗೆ ತಿಂದು ಹೊರಹಾಕಿದ್ದನ್ನೇ ಸ್ಪಂಜಿನಂತೆ ಕಟ್ಟಿ, ಅದರ ಮೇಲೆ ಈ ಶಿಲೀಂಧ್ರ ಬೆಳೆಸಿ ಉಣ್ಣುತ್ತವೆ. ಸುಮಾರು ಮೂರು ಕೋಟಿ ವರ್ಷದ ಬೇಸಾಯ ಅದು! 1942ರಲ್ಲಿ ಫ್ರಾನ್ಸಿನ ರೋಜೆ ಏಮ್ ಈ ಕುಲಕ್ಕೆ ಟರ್ಮಿಟೊಮೈಸಿಸ್ ಎಂದು ಹೆಸರಿಟ್ಟ. ಬಟನ್ ಅಣಬೆಯನ್ನು ಕೋಣೆಯಲ್ಲಿ ಬೆಳೆದು ಪ್ಯಾಕೆಟ್ ಮಾಡುವ ನಾವು ಇದನ್ನು ಹಾಗೆ ಬೆಳೆಯಲಾರೆವು. ಗೆದ್ದಲಿನ ಗುತ್ತಿಗೆ ಇಲ್ಲದೆ ಅದು ಕೊಡೆ ಬಿಚ್ಚದು.

ತಮಾಷೆ ನೋಡಿ. ಗಂಡು ಉಡದ ಜನನಾಂಗವನ್ನು ಒಣಗಿಸಿ ಹತ್ತಾಜೋಡಿ ಎಂಬ ಅಪರೂಪದ ಬೇರೆಂದು ಮಾರುವ ಖದೀಮರಿದ್ದಾರೆ. ಲಕ್ಷ್ಮಿ ಬರುತ್ತಾಳೆಂದು ಕೊಳ್ಳುವ ಸುಶಿಕ್ಷಿತರೂ ಇದ್ದಾರೆ. ಪ್ರಾಣಿಯನ್ನು ಬೇರೆಂದು ನಂಬುತ್ತೇವೆ, ನೆಲದಾಳಕ್ಕೆ ಇಳಿದ ಅಣಬೆಗೆ ಬುಡವೇ ಇಲ್ಲವೆನ್ನುತ್ತೇವೆ.

ಪಟ್ಟಿನ ಮಾತು ಬಂದರೆ ನನ್ನ ಮತ ಅಣಬೆಗೆ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವುದು ಉಡ, ಕೊಂದವರಿಗೆ ಜೈಲು. ಅಣಬೆಯ ಪಾಲಿಗೆ ಯಾವ ಕಾಯ್ದೆಯೂ ಇಲ್ಲ, ಬರೀ ಒಗ್ಗರಣೆ.