ಅಂಟಿಸಿಕೊಳ್ಳದ ಮೈ

ನಿಮ್ಮ ಮುಂದಿರುವ ಪೆಟ್ಟಿಗೆಯೊಳಗೆ ರೂಪಾಯಿ ನಾಣ್ಯಕ್ಕಿಂತ ಚಿಕ್ಕ ಎರಡು ಸ್ಫಟಿಕದ ಬಿಲ್ಲೆಗಳು ಸೆಕೆಂಡಿಗೆ 50 ಲಕ್ಷ ಸಲ ನಡುಗುತ್ತಿವೆ. ಎರಡಕ್ಕೂ ಟೈಟಾನಿಯಂ ಹೊದಿಕೆ. ಒಂದು ಬರಿಮೈ, ಇನ್ನೊಂದು ನಿನ್ನೆ ಇಡೀ ದಿನ ಪಾಲಿಮರ್ ದ್ರಾವಣದಲ್ಲಿ ಮುಳುಗಿದ್ದದ್ದು. ಕಣ್ಣಿಗೆ ವ್ಯತ್ಯಾಸ ಕಾಣದು. ಆದರೆ ಚದರ ಸೆಂಟಿಮೀಟರಿಗೆ 18 ನ್ಯಾನೊಗ್ರಾಂ ಕೂತರೂ ಸಾಕು, ಕಂಪನ ಒಂದು ಹರ್ಟ್ಸ್ ಇಳಿಯುತ್ತದೆ.

ಈಗ ಎರಡರ ಮೇಲೂ ರಕ್ತದ ಸೀರಂ ಬಿಡುತ್ತಾರೆ. ತಿಳಿಹಳದಿ ದ್ರವ ಸಪೂರ ನಳಿಕೆಯಲ್ಲಿ ತೆವಳುತ್ತದೆ. ನಡುವೆ ಒಂದು ಗುಳ್ಳೆ ಸಿಕ್ಕಿಕೊಂಡರೆ ಪರದೆಯಲ್ಲಿ ಕಂಪನ ತೋರುವ ಗೆರೆ ಹುಚ್ಚೆದ್ದು ಕುಣಿದು ಇಡೀ ಪ್ರಯೋಗ ಕೆಡುತ್ತದೆ. ಎಲ್ಲರ ಕಣ್ಣೂ ನಳಿಕೆಯ ಮೇಲೇ. ಗುಳ್ಳೆ ಇಲ್ಲ. ಪರದೆಯಲ್ಲಿ ಬರಿಮೈ ಬಿಲ್ಲೆಯ ಗೆರೆ ಧಡಕ್ಕನೆ ಕುಸಿಯುತ್ತದೆ. ಹತ್ತು ಹರ್ಟ್ಸ್, ಇಪ್ಪತ್ತು, ಇನ್ನೂ ಕೆಳಕ್ಕೆ. ಆಲ್ಬುಮಿನ್ ಮೊದಲಾದ ಪ್ರೋಟೀನುಗಳು ಮುಗಿಬಿದ್ದು ಕೂತವು. ಉಪ್ಪುನೀರು ಹರಿಸಿ ತೊಳೆದರೂ ಬಹುಪಾಲು ಮೇಲೇಳುವುದಿಲ್ಲ. ಇದೇ ದೇಹದೊಳಗೆ ಆಗಿದ್ದರೆ, ಈ ಹಾಸಿನ ಮೇಲೆ ರಕ್ತದ ಪ್ಲೇಟ್‌ಲೆಟ್‌ಗಳೂ ಬ್ಯಾಕ್ಟೀರಿಯಾಗಳೂ ಬಂದು ತಳವೂರುತ್ತಿದ್ದವು.

ಪಾಲಿಮರ್‌ನಲ್ಲಿ ಮುಳುಗಿದ್ದ ಬಿಲ್ಲೆಯ ಗೆರೆ ಕೊಂಚ ತಗ್ಗಿ, ತೊಳೆದೊಡನೆ ಬಹುತೇಕ ಹಳೆಯ ಮಟ್ಟಕ್ಕೇ ಬಂತು.

ಆ ಬಿಲ್ಲೆಯ ಮೇಲೆ ಪಾಲಿಎಥಿಲೀನ್ ಗ್ಲೈಕಾಲ್ ಸರಪಳಿಗಳು ಹುಲ್ಲಿನಂತೆ ದಟ್ಟವಾಗಿ ನಿಂತಿವೆ, ಒಂದೊಂದೂ ನೀರನ್ನು ತಬ್ಬಿಕೊಂಡು. ಪ್ರೋಟೀನು ಒಳಗೆ ನುಗ್ಗಬೇಕಾದರೆ ಆ ನೀರನ್ನು ಹಿಂಡಿ ತೆಗೆಯಬೇಕು, ಸರಪಳಿಗಳನ್ನು ಅದುಮಬೇಕು. ಅಷ್ಟು ಶಕ್ತಿ ಅದಕ್ಕೆ ದುಬಾರಿ. ಆದರೆ ಯಾವುದಕ್ಕೂ ಅಂಟದ ಈ ಸರಪಳಿ ಲೋಹಕ್ಕಾದರೂ ಅಂಟುವುದೆಂತು? ನನಗೆ ರುಚಿಸುವುದು ಇದಕ್ಕೆ ಸಿಕ್ಕ ಉತ್ತರವೇ. ನಮ್ಮ ಕರಾವಳಿಯವರು ಪಚ್ಚಿಲೆ ಎನ್ನುವ ಚಿಪ್ಪುಜೀವಿಯ ಬಳಗ ಅಲೆಯ ಹೊಡೆತದಲ್ಲೂ ಬಂಡೆ ಬಿಡದಿರಲು ಡೋಪಾ ಎಂಬ ಅಮೈನೊ ಆಮ್ಲ ದೊಡ್ಡ ಆಸರೆ. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಫಿಲಿಪ್ ಮೆಸ್ಸರ್‌ಸ್ಮಿತ್ ತಂಡ ಅದನ್ನೇ ಸರಪಳಿಯ ತುದಿಗೆ ಪೋಣಿಸಿ, ಚಿನ್ನಕ್ಕೂ ಟೈಟಾನಿಯಂಗೂ ಕಚ್ಚಿಸಿ, 2003ರಲ್ಲಿ ಪ್ರಕಟಿಸಿತು. ಡೋಪಾ ಟೈಟಾನಿಯಂ ಮೇಲಿನ ಆಕ್ಸೈಡ್ ಪದರವನ್ನು ಹಿಡಿಯುತ್ತದೆ, ಸರಪಳಿ ಉಳಿದವರನ್ನು ದೂರವಿಡುತ್ತದೆ.

ಲೇಪದ ಬಿಲ್ಲೆಯ ಗೆರೆ ಆಮೇಲೆ ಅಲುಗಿಲ್ಲ. ಆದರೂ ಇಷ್ಟಕ್ಕೇ ಬೀಗುವುದು ಆತುರ. ಪೆಟ್ಟಿಗೆಯಲ್ಲಿ ಗಂಟೆಗಟ್ಟಲೆ ಗೆದ್ದದ್ದು ದೇಹದಲ್ಲಿ ವರ್ಷಗಟ್ಟಲೆ ಗೆಲ್ಲಬೇಕು, ಈ ಸರಪಳಿಗಳೋ ಆಕ್ಸಿಡೀಕರಣಕ್ಕೆ ಮೆಲ್ಲಗೆ ತುಂಡಾಗುವಂಥವು. ಅಲ್ಲದೆ, ಏನೂ ಅಂಟದಿರುವುದೇ ಎಲ್ಲೆಡೆ ಗುರಿಯಲ್ಲ. ರಕ್ತನಾಳದೊಳಗೆ ಕೂರಿಸುವ ಸ್ಟೆಂಟಿನ ಮೇಲೆ ಆ ನಾಳದ ಒಳಪದರದ ಕೋಶಗಳು ಬೆಳೆದು ಮುಚ್ಚಿಕೊಂಡರೇ ಒಳ್ಳೆಯದು. ಇನ್ನು ಮೂಳೆಗೆ ಕೂರಿಸುವ ಟೈಟಾನಿಯಂ ತಿರುಪಿಗೆ ಈ ಲೇಪ ಬೇಡವೇ ಬೇಡ. ಅಲ್ಲಿ ಮೂಳೆ ಬಂದು ಕಚ್ಚಿಕೊಳ್ಳಲೇಬೇಕು.