ಹಾಡು ಹುಡುಕಿ ಬಂದವರು

ಕಡಿಮೆ ಖರ್ಚಿನ ಹಳೆಯ ಸಿನಿಮಾಗಳಲ್ಲಿ ಭೂಮಿಗೆ ದಂಡೆತ್ತಿ ಬರುವ ಅನ್ಯಗ್ರಹದವರೆಂದರೆ ನನಗೆ ಬಲು ಅಕ್ಕರೆ. ಅಮೆರಿಕದ ಎಡ್ ವುಡ್ 1957ರಲ್ಲಿ ತೋರಿಸಿದ ‘ಪ್ಲಾನ್ ನೈನ್ ಫ್ರಮ್ ಔಟರ್ ಸ್ಪೇಸ್’ನಲ್ಲಿ ಹಾರುವ ತಟ್ಟೆಗೆ ಕಟ್ಟಿದ ದಾರವೂ ಕಾಣುತ್ತದೆ! ಕಂಡರೇನಂತೆ? ಅಂಕೋಲೆಯ ಬಯಲಾಟದಲ್ಲಿ ರಾಕ್ಷಸನ ಬಣ್ಣ ಬೆವರಿಗೆ ಇಳಿದರೂ ನಾವು ಹೆದರುತ್ತಿರಲಿಲ್ಲವೇ?

1963ರ ತಮಿಳಿನ ‘ಕಲೈ ಅರಸಿ’ಯಲ್ಲಂತೂ ಅವರು ಬರುವುದು ಚಿನ್ನಕ್ಕಲ್ಲ, ತಮ್ಮ ಲೋಕಕ್ಕೆ ಸಂಗೀತ ಕಲಿಸಲೆಂದು ನಾಯಕಿ ಭಾನುಮತಿಯನ್ನೇ ಹೊತ್ತೊಯ್ಯುತ್ತಾರೆ. ಕಾರವಾರದ ನಮ್ಮ ಮನೆಯಲ್ಲಿ ಅದನ್ನು ಮೊಬೈಲಿನಲ್ಲಿ ನೋಡಿದ ಅತ್ತೆ, “ನೋಡು ತಂಗಿ, ನಲವತ್ತು ವರ್ಷ ಈ ಮನೇಲಿ ಬಡಿಸ್ದೆ. ಒಂದು ಹಾಡು ಹೇಳು ಅಂತ ಯಾರೂ ಕೇಳ್ಲಿಲ್ಲ” ಎಂದರು.

ಮೊಬೈಲು ಆರಿಸಿ ಅವರೆದುರು ಕೂತೆ. ಬೀಸುವ ಕಲ್ಲಿನ ಹಾಡುಗಳೇ ಹನ್ನೊಂದು ಬಂದವು.