ಸ್ಪಂಜಿನೊಳಗಿನ ಸಂಸಾರ

ಭಾನುವಾರ ಬೆಳಿಗ್ಗೆ ಗೋಲ್ಡ್ ಫಿಶ್ ತೊಟ್ಟಿಯ ಫಿಲ್ಟರಿನಿಂದ ಸ್ಪಂಜು ತೆಗೆದು ಬಕೆಟ್ಟಿನಲ್ಲಿ ಹಿಂಡುವುದು ಮೀನು ಸಾಕುವವರಿಗೆ ದೊಡ್ಡ ಸುಖ. ಕಾಫಿ ಡಿಕಾಕ್ಷನ್ನಿನಂಥ ನೀರು ದಟ್ಟವಾಗಿ ಇಳಿಯುತ್ತದೆ. ಮೂಗಿನ ಹತ್ತಿರ ತಂದರೆ ಮಳೆಗೆ ನೆನೆದ ಮಣ್ಣಿನ ವಾಸನೆ. ಫಿಲ್ಟರ್ ಆರೋಗ್ಯವಾಗಿದ್ದರೆ ಬರುವ ವಾಸನೆ ಅದು.

ಎಷ್ಟೋ ಮನೆಗಳಲ್ಲಿ ಇದೇ ಸ್ಪಂಜು ನೇರ ನಲ್ಲಿಯ ಕೆಳಗೆ ಹೋಗುತ್ತದೆ. ಬೆಳ್ಳಗಾಗುವ ತನಕ ತಿಕ್ಕುತ್ತಾರೆ. ಬಿಸಿಲಿಗೆ ಒಣಗಿಸುವವರೂ ಉಂಟು. ಕೆಲವೇ ದಿನಗಳಲ್ಲಿ ನೀರು ಮಬ್ಬಾಗುತ್ತದೆ, ಮೀನು ಮೇಲೆ ಬಂದು ಬಾಯಿ ಬಿಡತೊಡಗುತ್ತದೆ. ಆಗ ಬೈಗುಳ ಫಿಲ್ಟರಿಗೆ! ಇನ್ನೂ ದೊಡ್ಡದು ತನ್ನಿ ಎಂದು ಅಂಗಡಿಗೆ ಓಡುತ್ತಾರೆ. ತಿಂಗಳಿಗೊಂದು ಹೊಸ ಕಾರ್ಟ್ರಿಜ್ ಹಾಕಿ ಎಂದು ಹೇಳಿಕೊಡುವ ವ್ಯಾಪಾರಿಗಳ ಮೇಲಂತೂ ಸಿಟ್ಟು ಬರಲೇಬೇಕು. ಅವರು ತೆಗೆದು ಎಸೆಯಿರಿ ಎನ್ನುವುದು ಕೊಳೆಯನ್ನಲ್ಲ, ವಾರಗಟ್ಟಲೆ ಬೆಳೆದ ಒಂದು ಊರನ್ನು.

ಗೋಲ್ಡ್ ಫಿಶ್‌ಗೆ ಜಠರವೇ ಇಲ್ಲ. ತಿಂದದ್ದು ನೇರ ಕರುಳಿಗೆ. ದಿನವಿಡೀ ಮೇಯುವುದು, ದಿನವಿಡೀ ಹೊರಹಾಕುವುದು. ಕಿವಿರುಗಳಿಂದಲೂ ಅಮೋನಿಯ ಸೋರುತ್ತಿರುತ್ತದೆ. ಸ್ಪಂಜಿನ ರಂಧ್ರಗಳಲ್ಲಿ ಮನೆ ಮಾಡಿದ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಆಗಿಸಿ, ಆಮೇಲೆ ಅಷ್ಟೇನೂ ಕೇಡಿಲ್ಲದ ನೈಟ್ರೇಟ್ ಆಗಿಸುತ್ತವೆ. ಇ. ಕೋಲಿಯಂತೆ 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುವ ಜಾತಿ ಇವಲ್ಲ. ಹೊಸ ತೊಟ್ಟಿಯಲ್ಲಿ ನೆಲೆ ನಿಲ್ಲಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಅವನ್ನು ಕೊಲ್ಲಲು ನಲ್ಲಿ ನೀರಿನ ಕ್ಲೋರಿನ್ನಿಗೆ ಅಷ್ಟು ಹೊತ್ತು ಬೇಕಿಲ್ಲ.

ಕ್ಷಾರ ಹೆಚ್ಚಿರುವ ಬೋರ್‌ವೆಲ್ ನೀರು ಬಳಸುವವರಿಗೆ ಹೀಗೆ ಉಳಿದುಬಿಡುವ ಅಮೋನಿಯದ ಅಪಾಯ ಇನ್ನೂ ಹೆಚ್ಚು. 25 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯದಲ್ಲಿ ವಿಷರೂಪದ್ದು ಶೇಕಡ ಅರ್ಧದ ಆಸುಪಾಸು; ಪಿಎಚ್ 8ಕ್ಕೆ ಏರಿದರೆ ಅದು ಶೇಕಡ 5 ದಾಟುತ್ತದೆ.

ಈ ಸೂಕ್ಷ್ಮಜೀವಿಗಳ ಕಥೆಯೇ ಸೊಗಸು. ನೈಟ್ರೈಟ್ ತಿನ್ನುವುದು ನೈಟ್ರೊಬ್ಯಾಕ್ಟರ್ ಎಂದು ಮೀನಿನ ಪುಸ್ತಕಗಳು ಬಹುಕಾಲ ಬರೆದವು. ಸಿಹಿನೀರಿನ ಅಕ್ವೇರಿಯಂಗಳಲ್ಲಿ ಆ ಕೆಲಸ ನೈಟ್ರೊಸ್ಪೈರಾ ಬಳಗದ್ದು ಎಂದು ಸಂಶೋಧಕ ಟಿಮತಿ ಹೊವಾನೆಕ್ ಮತ್ತು ಸಂಗಡಿಗರು 1998ರಲ್ಲಿ ತೋರಿಸಿದರು. 2015ರಲ್ಲಿ ಇನ್ನೊಂದು ಬೆರಗು: ಅಮೋನಿಯದಿಂದ ನೈಟ್ರೇಟ್‌ವರೆಗಿನ ಪೂರ್ತಿ ಕೆಲಸವನ್ನು ಒಂಟಿಯಾಗಿ ಮಾಡಬಲ್ಲ ನೈಟ್ರೊಸ್ಪೈರಾ ಸಿಕ್ಕಿತು. ನೆದರ್ಲೆಂಡ್ಸಿನ ಸಂಶೋಧಕರಿಗೆ ಅದು ಸಿಕ್ಕಿದ್ದು ಮೀನು ಸಾಕಣೆಯ ಫಿಲ್ಟರಿನಲ್ಲೇ. ವಿಜ್ಞಾನಿಗಳು ಹುಡುಕಿಕೊಂಡು ಹೋದ ಆ ಕೆಸರನ್ನು ಜನ ಸಿಂಕಿಗೆ ಸುರಿಯುವುದನ್ನು ಹೇಗೆ ಸಹಿಸುವುದು?

ಇನ್ನು ಫಿಲ್ಟರಿನ ಆಯ್ಕೆಯ ಮಾತು. ಬೆಳೆದ ಕಾಮೆಟ್ ಜಾತಿಯ ಗೋಲ್ಡ್ ಫಿಶ್‌ಗಳಿರುವ ದೊಡ್ಡ ತೊಟ್ಟಿಗೆ ಕ್ಯಾನಿಸ್ಟರ್ ಫಿಲ್ಟರ್ ಸರಿ. ಒರಾಂಡ, ರಾಂಚು ಸಾಕುವವರಿಗೆ ಏರ್ ಪಂಪಿನಿಂದ ನಡೆಯುವ ಎರಡು ಸ್ಪಂಜ್ ಫಿಲ್ಟರುಗಳಿಗಿಂತ ಒಳ್ಳೆಯದಿಲ್ಲ. ಗುಂಡು ಮೈಯ ಈ ಮೀನುಗಳು ಜೋರು ಸೆಳವಿನಲ್ಲಿ ದಣಿಯುತ್ತವೆ. ಬಬಲ್ ಐ ಮೀನಿನ ಕಣ್ಣಚೀಲವಂತೂ ಪಂಪಿನ ಬಾಯಿಗೆ ಸಿಕ್ಕಿ ಹರಿಯಬಹುದು. ಕರೆಂಟು ಹೋದಾಗ ಮುಚ್ಚಿದ ಕ್ಯಾನಿಸ್ಟರಿನೊಳಗೆ ಆಮ್ಲಜನಕ ಬೇಗ ಮುಗಿಯುತ್ತದೆ. ತೊಟ್ಟಿಯೊಳಗೇ ಕೂತ ಸ್ಪಂಜಿಗೆ ಬ್ಯಾಟರಿಯ ಸಣ್ಣ ಪಂಪು ಸಾಕು. ಎರಡಿದ್ದರೆ ಒಂದನ್ನು ಈ ವಾರ, ಇನ್ನೊಂದನ್ನು ಎರಡು ವಾರ ಬಿಟ್ಟು ಹಿಂಡಬಹುದು. ಹೊಸ ತೊಟ್ಟಿ ಇಡುವಾಗ ಹಳೆಯದರಿಂದ ಒಂದನ್ನು ಎತ್ತಿ ಅಲ್ಲಿಟ್ಟರೆ ಹಾಲಿಗೆ ಹೆಪ್ಪು ಹಾಕಿದಂತೆ. ಕಾಯುವ ವಾರಗಳು ಎಷ್ಟೋ ಕಡಿಮೆಯಾಗುತ್ತವೆ.

ಮುಂದಿನ ಸಲ ನೀರು ಬದಲಿಸುವಾಗ ತೊಟ್ಟಿಯಿಂದ ತೆಗೆದ ನೀರನ್ನು ಗಿಡಕ್ಕೆ ಹಾಕುವ ಮುನ್ನ ಒಂದು ಬಕೆಟ್ ಉಳಿಸಿಕೊಳ್ಳಿ. ಸ್ಪಂಜನ್ನು ಅದರಲ್ಲೇ ಹಿಂಡಿ.